ಎಲ್ಲ ಬಲ್ಲವರಿಲ್ಲ, ಸರಿ. ಮುಂದೆ ಬಲ್ಲವರು ಎಲ್ಲಿಂದ ಬರುತ್ತಾರೆ?

ಅರೆಪಂಡಿತ

ಒಂದು ವಾರದಿಂದ ತಲೆ ಕೊರೆಯುತ್ತಿರುವ ಹುಳ ಇದು. ಇಲ್ಲಿ ಬಿಟ್ಟರೆ ನಿಮ್ಮ ತಲೆಯನ್ನೂ ಸ್ವಲ್ಪ ಕೊರೆಯಲಿ ಅಂತ.

ನೀವು ಓದುತ್ತಿರುವ ಫೋನು ಇತ್ತೀಚಿನ ದುಬಾರಿ ಮಾದರಿಯಾಗಿದ್ದರೆ, ಅದರ ಚಿಪ್‌ನ ಅತಿ ಸಣ್ಣ ಗೆರೆಗಳನ್ನು ಮೂಡಿಸಿದ ಯಂತ್ರವನ್ನು ವ್ಯಾಪಾರಕ್ಕೆಂದು ತಯಾರಿಸುವುದು ನೆದರ್ಲೆಂಡ್ಸಿನ ಎಎಸ್‌ಎಂಎಲ್ ಒಂದೇ. ಆ ಯಂತ್ರದೊಳಗೆ ಕರಗಿದ ತವರದ ಹನಿಗಳು ಸೆಕೆಂಡಿಗೆ 50,000ದಂತೆ ಚಿಮ್ಮುತ್ತವೆ. ಪ್ರತಿ ಹನಿಗೂ ಲೇಸರಿನಿಂದ ಎರಡೆರಡು ಏಟು. ಮೊದಲನೆಯದಕ್ಕೆ ಹನಿ ಚಪ್ಪಟೆಯಾಗುತ್ತದೆ, ಎರಡನೆಯದಕ್ಕೆ ಉರಿದು 13.5 ನ್ಯಾನೋಮೀಟರ್ ತರಂಗಾಂತರದ ಬೆಳಕು ಕೊಡುತ್ತದೆ. ಈ ಬೆಳಕನ್ನು ಗಾಳಿಯೂ ನುಂಗುತ್ತದೆ, ಗಾಜೂ ನುಂಗುತ್ತದೆ. ಹಾಗಾಗಿ ಎಲ್ಲವೂ ನಿರ್ವಾತದಲ್ಲಿ ನಡೆಯಬೇಕು, ಲೆನ್ಸಿನ ಬದಲು ಕನ್ನಡಿ ಬೇಕು. ಕನ್ನಡಿ ಜರ್ಮನಿಯ ಝೈಸ್‌ನದು, ಲೇಸರ್ ಅಲ್ಲಿನದೇ ಟ್ರಂಫ್‌ನದು. ಕನ್ನಡಿಯವರಿಗೆ ಲೇಸರ್ ಮಾಡಲು ಬರುವುದಿಲ್ಲ, ಲೇಸರಿನವರಿಗೆ ಕನ್ನಡಿ ಉಜ್ಜಲು ಬರುವುದಿಲ್ಲ. ಇಬ್ಬರಿಗೂ ಚಿಪ್‌ನ ವಿನ್ಯಾಸ ಗೊತ್ತಿಲ್ಲ. ಇಡೀ ಫೋನನ್ನು ತಲೆಯಲ್ಲಿ ಹೊತ್ತಿರುವ ಒಬ್ಬನೇ ಒಬ್ಬ ಮನುಷ್ಯ ಭೂಮಿಯ ಮೇಲಿಲ್ಲ.

ಇದು ನಮ್ಮ ಶಕ್ತಿಯೋ ದೌರ್ಬಲ್ಯವೋ? ನಾವೆಲ್ಲ ಒಂದೊಂದು ಚೂರು ಬಲ್ಲವರಾಗುತ್ತಾ ಹೋಗಿ, ಚೂರುಗಳನ್ನು ಜೋಡಿಸುವ ಕೆಲಸವನ್ನೂ ಯಂತ್ರಕ್ಕೆ ಒಪ್ಪಿಸಿದರೆ ಮುಂದಿನ ನೂರು ವರ್ಷ ಹೇಗಿರುತ್ತದೆ? ಎಐ ಎಲ್ಲರನ್ನೂ ಕೊಲ್ಲುತ್ತದೆ ಅನ್ನೋ ಸಿನಿಮಾ ಕಥೆ ಬೇಡ, ದಯವಿಟ್ಟು.

ಮೂರನೇ ಬೆಂಚು

ಹೊಸದೇನಿದೆ ಇದರಲ್ಲಿ? 1776ರಲ್ಲೇ ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ ತನ್ನ ಪುಸ್ತಕದಲ್ಲಿ ಗುಂಡುಸೂಜಿ ಕಾರ್ಖಾನೆ ತೋರಿಸಿ ಹೇಳಿಲ್ವಾ. ತಂತಿ ಎಳೆಯೋನೊಬ್ಬ, ನೆಟ್ಟಗೆ ಮಾಡೋನೊಬ್ಬ, ಕತ್ತರಿಸೋನೊಬ್ಬ, ಚೂಪು ಮಾಡೋನೊಬ್ಬ. ಹತ್ತು ಜನ ಸೇರಿ ದಿನಕ್ಕೆ 48,000 ಸೂಜಿ. ಅದೇ ಒಬ್ಬೊಬ್ಬರೇ ಕೂತರೆ ತಲೆಗೆ ಇಪ್ಪತ್ತೂ ಆಗಲ್ಲ. ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟು ಅಂತ ಸುಮ್ಮನೆ ಹೇಳಿದ್ದಾ? ಫೋನ್ ಯಾರಿಗೂ ಪೂರ್ತಿ ಗೊತ್ತಿಲ್ಲ, ಆದರೂ ಫೋನ್ ಇದೆ. ಗೆದ್ದಿದ್ದೀವಿ. ಮುಂದಿನ ಪ್ರಶ್ನೆ.

ಗಣಿತದ ಮೇಷ್ಟ್ರು

ಬೆಂಚಿನವರು ಪುಸ್ತಕದ ಮೊದಲ ಪುಟಗಳನ್ನಷ್ಟೇ ಓದಿ ಎದ್ದಂತಿದೆ. ಅದೇ ಸ್ಮಿತ್ ಕೊನೆಯ ಭಾಗಕ್ಕೆ ಬಂದಾಗ, ಜೀವಮಾನವಿಡೀ ಒಂದೆರಡು ಸರಳ ಕೆಲಸವನ್ನೇ ಮಾಡುವವನ ಬುದ್ಧಿ ಮಂಕಾಗುತ್ತದೆ, ಅದಕ್ಕೆ ಸರ್ಕಾರವೇ ಶಿಕ್ಷಣದ ವ್ಯವಸ್ಥೆ ಮಾಡಬೇಕು ಎಂದೂ ಬರೆದಿದ್ದಾನೆ.

ನನಗೆ ಚಿಂತೆ ಬೇರೆ ಕಡೆ ಇದೆ. "ಗುಂಪಿನ ಬುದ್ಧಿ" ಎಂದರೆ ತಲೆ ಎಣಿಕೆಯಲ್ಲ. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನ ಜಾತ್ರೆಯೊಂದರಲ್ಲಿ ಎತ್ತಿನ ತೂಕ ಊಹಿಸುವ ಪಂದ್ಯ ನಡೆಯಿತು. ಓದಲು ಬಂದ 787 ಚೀಟಿಗಳನ್ನು ಫ್ರಾನ್ಸಿಸ್ ಗಾಲ್ಟನ್ ಲೆಕ್ಕ ಹಾಕಿದಾಗ, ಗುಂಪಿನ ನಡುವಿನ ಊಹೆ ನಿಜವಾದ ತೂಕಕ್ಕೆ ಶೇಕಡಾ ಒಂದರಷ್ಟು ಹತ್ತಿರವಿತ್ತು. ಇದನ್ನು ಎಲ್ಲರೂ ಹೇಳುತ್ತಾರೆ. ಅಲ್ಲಿ ಪ್ರತಿಯೊಬ್ಬನೂ ತನ್ನ ಚೀಟಿಯನ್ನು ತಾನೇ ಬರೆದಿದ್ದ, ಪಕ್ಕದವನ ಚೀಟಿ ನೋಡಿರಲಿಲ್ಲ. ಇದನ್ನು ಹೇಳುವವರು ಕಡಿಮೆ. ಒಬ್ಬ ಎತ್ತನ್ನು ಹೆಚ್ಚು ತೂಗಿದರೆ ಇನ್ನೊಬ್ಬ ಕಡಿಮೆ ತೂಗಿದ, ತಪ್ಪಿಗೆ ತಪ್ಪು ವಜಾ ಆಯಿತು.

2011ರಲ್ಲಿ ಜ್ಯೂರಿಕ್‌ನಲ್ಲಿ 144 ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗವಾಯಿತು. ಅಂಕಿಅಂಶದ ಪ್ರಶ್ನೆಗಳಿಗೆ ಊಹೆ ಬರೆಸಿ, ಕೆಲವರಿಗೆ ಉಳಿದವರ ಊಹೆ ತೋರಿಸಿ ಮತ್ತೆ ಬರೆಸಿದರು. ಊಹೆಗಳು ಒಂದರ ಹತ್ತಿರ ಒಂದು ಸರಿದವು. ಗುಂಪಿನ ಉತ್ತರ ಮಾತ್ರ ಸುಧಾರಿಸಲಿಲ್ಲ. ಮಜವೆಂದರೆ ಅವರ ಆತ್ಮವಿಶ್ವಾಸ ಏರಿತು!

ಈಗ ನೂರು ಜನ ತಮ್ಮ ತಮ್ಮ ಕೋಣೆಯಲ್ಲಿ ಕೂತು ಒಂದೇ ಎಐಯನ್ನು ಕೇಳಿ ನೂರು ಉತ್ತರ ತಂದರು ಎಂದುಕೊಳ್ಳಿ. ಅವು ನೂರು ಉತ್ತರಗಳಲ್ಲ. ಒಂದೇ ಚೀಟಿಯ ನೂರು ಜೆರಾಕ್ಸ್. ಫ್ರಾನ್ಸಿನ ಗಣಿತಜ್ಞ ಕೊಂಡಾರ್ಸೆ 1785ರಲ್ಲೇ ಲೆಕ್ಕ ಮಾಡಿಟ್ಟಿದ್ದಾನೆ: ಪ್ರತಿಯೊಬ್ಬರೂ ಸರಿಯಾಗುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚಿದ್ದು, ಒಬ್ಬರ ತೀರ್ಮಾನ ಇನ್ನೊಬ್ಬರದಕ್ಕೆ ಜೋತುಬೀಳದಿದ್ದರೆ ಮಾತ್ರ, ಜನ ಹೆಚ್ಚಿದಷ್ಟೂ ಬಹುಮತ ಸತ್ಯದತ್ತ ಸರಿಯುತ್ತದೆ. ಸಾಧ್ಯತೆ ಅರ್ಧಕ್ಕಿಂತ ಕೆಳಗಿಳಿದರೆ, ಜನ ಹೆಚ್ಚಿದಷ್ಟೂ ತಪ್ಪೇ ಗಟ್ಟಿಯಾಗುತ್ತದೆ.

ಮೂರನೇ ಬೆಂಚು

ಮೇಷ್ಟ್ರೇ, ಕೊನೆಯ ಭಾಗ ಓದಿಲ್ಲ, ಒಪ್ಪಿದೆ. ಜೆರಾಕ್ಸ್ ಮಾತು ಚೆನ್ನಾಗಿದೆ, ಕದಿಯುತ್ತಿದ್ದೇನೆ.

ಹಳೇಕೋಡು

ಚೂರು ಬಲ್ಲವರ ಮಧ್ಯೆ ಇಪ್ಪತ್ತಾರು ವರ್ಷ ಬದುಕಿದವನು ನಾನು. ಹೇಳ್ತೀನಿ ಕೇಳಿ.

ನನ್ನ ಮೊದಲ ಕೆಲಸದಲ್ಲಿ ತಿಂಗಳ ಕೊನೆಯ ರಾತ್ರಿ ಮಾತ್ರ ಓಡುವ ಒಂದು ಪ್ರೋಗ್ರಾಂ ಇತ್ತು. ನಡುವೆ ಒಂದು ಸಾಲು: 90 ಸೆಕೆಂಡು ಸುಮ್ಮನೆ ನಿಲ್ಲು. ಅದರ ಮೇಲೆ ಟಿಪ್ಪಣಿ: "ತೆಗೆಯಬೇಡಿ". ಯಾಕೆ ಅಂತ ಇಲ್ಲ. ಬರೆದವರು ನಿವೃತ್ತರಾಗಿ ಆರು ವರ್ಷ ಆಗಿತ್ತು. ಬಿಸಿರಕ್ತ ನೋಡಿ, ತೆಗೆದೆ. ಎರಡು ತಿಂಗಳು ಏನೂ ಆಗಲಿಲ್ಲ, ಮೀಸೆ ತಿರುವಿದೆ. ಮೂರನೇ ತಿಂಗಳು ಲೆಕ್ಕದ ಅರ್ಧ ನಮೂದುಗಳು ಮಾಯ. ಆ ತೊಂಬತ್ತು ಸೆಕೆಂಡಿನಲ್ಲಿ ಇನ್ನೊಂದು ಯಂತ್ರ ಫೈಲ್ ಬರೆದು ಮುಗಿಸುತ್ತಿತ್ತಂತೆ. ಆ ಯಂತ್ರ ನೋಡಿಕೊಳ್ಳುವ ತಂಡ ಬೇರೆ, ನಮ್ಮದು ಬೇರೆ. ಅವರದೂ ತಪ್ಪಿಲ್ಲ, ನನ್ನ ಕೋಡಿನಲ್ಲೂ ತಪ್ಪಿಲ್ಲ. ತಪ್ಪು ಇದ್ದಿದ್ದು ಸಂದಿಯಲ್ಲಿ.

ದೊಡ್ಡ ಉದಾಹರಣೆ ಬೇಕಾ? 2024ರ ಮಾರ್ಚ್. ಆಂಡ್ರೆಸ್ ಫ್ರಾಯಿಂಡ್ ಅನ್ನೋ ಇಂಜಿನಿಯರ್ ಡೇಟಾಬೇಸ್ ವೇಗದ ಪರೀಕ್ಷೆ ಮಾಡ್ತಿದ್ದ. ದೂರದ ಸರ್ವರ್‌ಗೆ ಲಾಗಿನ್ ಆಗೋದು ಅರ್ಧ ಸೆಕೆಂಡು ತಡ ಆಗ್ತಿದೆ ಅನ್ನಿಸಿತು. ಅರ್ಧ ಸೆಕೆಂಡು! ಬೇರೆಯವರಾಗಿದ್ದರೆ ನೆಟ್‌ವರ್ಕ್ ಸರಿಯಿಲ್ಲ ಅಂತ ಬೈದು ಮುಂದೆ ಹೋಗ್ತಿದ್ದರು. ಅವನು ಬಿಡಲಿಲ್ಲ, ಅಗೆದ. ಲಿನಕ್ಸ್‌ನಲ್ಲಿ ಎಲ್ಲೆಡೆ ಬಳಸೋ ಎಕ್ಸ್‌ಝಡ್ ಅನ್ನೋ ಕಂಪ್ರೆಷನ್ ಸಾಧನದೊಳಗೆ ಯಾರೋ ಹಿಂಬಾಗಿಲು ಕೂರಿಸಿದ್ದರು. ಆ ಸಾಧನ ನೋಡಿಕೊಳ್ತಿದ್ದದ್ದು ಸಂಬಳ ಇಲ್ಲದ ಒಬ್ಬ ಸ್ವಯಂಸೇವಕ, ಅವನೂ ದಣಿದಿದ್ದ. "ನೆರವಾಗ್ತೀನಿ" ಅಂತ ಬಂದವನು ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿ ಕೊನೆಗೆ ಕನ್ನ ಹಾಕಿದ. ಆ ಆವೃತ್ತಿ ಎಲ್ಲ ಕಡೆ ಹರಡಿದ್ದರೆ ಜಗತ್ತಿನ ಲೆಕ್ಕವಿಲ್ಲದಷ್ಟು ಸರ್ವರ್‌ಗಳ ಬಾಗಿಲು ತೆರೆದ ಹಾಗೆ.

ಕೋಡು ಎಲ್ಲರಿಗೂ ತೆರೆದಿದೆ, ಸಾವಿರ ಕಣ್ಣು ನೋಡುತ್ತೆ ಅಂತ ನಾವು ನಂಬಿಕೊಂಡಿದ್ದ ಕಡೆ ಒಂದು ಜೋಡಿ ಕಣ್ಣೂ ಇರಲಿಲ್ಲ. ಉಳಿಸಿದ್ದು, ತನ್ನದಲ್ಲದ ಕೆಲಸದಲ್ಲಿ ಮೂಗು ತೂರಿಸಿದ ಒಬ್ಬ ಮನುಷ್ಯ.

ಓದುಗಿ

ಸಂದಿ ಅನ್ನೋ ಪದಕ್ಕೆ ನನ್ನದೂ ಒಂದು ಕಥೆ. ತಪ್ಪಿನದಲ್ಲ, ಲಾಭದ್ದು.

1986ರಲ್ಲಿ ಷಿಕಾಗೋದ ಡಾನ್ ಸ್ವಾನ್ಸನ್ ಎರಡು ರಾಶಿ ಸಂಶೋಧನಾ ಲೇಖನಗಳನ್ನು ಓದಿದರು. ಅವರು ವೈದ್ಯರಲ್ಲ, ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದವರು. ಒಂದು ರಾಶಿ ಹೇಳುತ್ತಿತ್ತು: ಮೀನೆಣ್ಣೆ ರಕ್ತದ ಮಂದತೆಯನ್ನು ತಗ್ಗಿಸುತ್ತದೆ, ರಕ್ತನಾಳ ಬಿಗಿಯಾಗುವುದನ್ನು ತಡೆಯುತ್ತದೆ. ಇನ್ನೊಂದು ರಾಶಿ: ರೇನೋ ಕಾಯಿಲೆಯಲ್ಲಿ ರಕ್ತ ಮಂದವಾಗುತ್ತದೆ, ನಾಳ ಬಿಗಿಯುತ್ತದೆ, ಚಳಿಗೆ ಬೆರಳು ಬೆಳ್ಳಗಾಗುತ್ತದೆ. ಎರಡೂ ಗುಂಪಿನವರು ಒಬ್ಬರನ್ನೊಬ್ಬರು ಓದುತ್ತಿರಲಿಲ್ಲ. ಆದ್ದರಿಂದ ಆ ಕಾಯಿಲೆಗೆ ಈ ಎಣ್ಣೆ ಕೊಟ್ಟು ನೋಡಬಹುದಲ್ಲ ಎಂಬ ವಾಕ್ಯವನ್ನು ಯಾರೂ ಬರೆದಿರಲಿಲ್ಲ. ಅವರು ಬರೆದರು. ಮೂರು ವರ್ಷಕ್ಕೆ ರೋಗಿಗಳ ಮೇಲೆ ನಡೆದ ಪರೀಕ್ಷೆ ಅವರ ಊಹೆಗೆ ಬೆಂಬಲ ಕೊಟ್ಟಿತು.

ಯಾವ ಹೊಸ ಪ್ರಯೋಗವನ್ನೂ ಮಾಡದೆ, ಎರಡು ಕಪಾಟಿನ ನಡುವೆ ಓಡಾಡಿದ್ದಷ್ಟೇ! ಇಂಥ ಇನ್ನೆಷ್ಟು ವಾಕ್ಯಗಳು ಬರೆಯದೇ ಉಳಿದಿವೆಯೋ. ಇವತ್ತು ಒಬ್ಬ ಮನುಷ್ಯ ತನ್ನ ವಿಷಯದ ಲೇಖನಗಳನ್ನೇ ಓದಿ ಮುಗಿಸಲಾರ, ಪಕ್ಕದ ಕಪಾಟು ದೂರದ ಮಾತು. ಅಲ್ಲಿಗೆ ಯಂತ್ರ ಹೋಗಬಲ್ಲದು. ಹಾಗಾಗಿ ನಾನು ಮೇಷ್ಟ್ರಷ್ಟು ನಿರಾಶಳಲ್ಲ.

ಮೂರನೇ ಬೆಂಚು

ಅದೇ ನಾನೂ ಹೇಳೋದು! ಪ್ರೋಟೀನ್‌ಗಳ ಆಕಾರ ಊಹಿಸೋ ಎಐ ಆಲ್ಫಾಫೋಲ್ಡ್ ನೋಡಿ. ಒಂದು ಪ್ರೋಟೀನ್ ಹೇಗೆ ಮಡಚಿಕೊಂಡಿದೆ ಅಂತ ಕಂಡುಹಿಡಿಯೋಕೆ ವರ್ಷಗಟ್ಟಲೆ ಹಿಡಿಯೋದು. 2022ರ ಹೊತ್ತಿಗೆ 20 ಕೋಟಿಗೂ ಹೆಚ್ಚು ಪ್ರೋಟೀನ್‌ಗಳ ಅಂದಾಜು ಆಕಾರ ಉಚಿತವಾಗಿ ಇಟ್ಟುಬಿಟ್ಟರು. 2024ರಲ್ಲಿ ನೊಬೆಲ್. ಒಬ್ಬೊಬ್ಬ ತಜ್ಞ ಎಷ್ಟು ಜನ್ಮ ಎತ್ತಬೇಕಿತ್ತು ಇದಕ್ಕೆ?

ಓದುಗಿ

ಎಷ್ಟು ಜನ್ಮ ಎಂದು ಕೇಳಿದಿರಲ್ಲ, ಅವರು ಎತ್ತಿದ್ದಾರೆ. ಆ ಯಂತ್ರ ಕಲಿತದ್ದು 1971ರಲ್ಲಿ ಶುರುವಾದ ಪ್ರೋಟೀನ್ ಡೇಟಾ ಬ್ಯಾಂಕಿನಿಂದ. ಐವತ್ತು ವರ್ಷ ಸಾವಿರಾರು ಜನ ಒಂದೊಂದೇ ಹರಳು ಬೆಳೆಸಿ, ಎಕ್ಸ್‌ರೇ ಹಾಯಿಸಿ, ಲೆಕ್ಕ ಮಾಡಿ ಸುಮಾರು 1,70,000 ಆಕಾರಗಳನ್ನು ಎಲ್ಲರಿಗೂ ಸಿಗುವಂತೆ ಇಟ್ಟಿದ್ದರು. ಯಂತ್ರದ ಜಾಣತನ ದೊಡ್ಡದು, ಅನುಮಾನವಿಲ್ಲ. ಆದರೆ ಆ ಬ್ಯಾಂಕಿಗೆ ಠೇವಣಿ ಕಟ್ಟಿದವರು ಯಾರು?

ಅರೆಪಂಡಿತ

ಇದು ನಾನು ಕೇಳಬೇಕಿದ್ದ ಪ್ರಶ್ನೆ, ಕೇಳಲು ಬಂದಿರಲಿಲ್ಲ. ಜೋಡಿಸುವವರು ಯಾರು ಅನ್ನುವುದಕ್ಕಿಂತ, ಮುಂದಿನ ಠೇವಣಿ ಯಾರು ಕಟ್ಟುತ್ತಾರೆ ಅನ್ನುವುದು.

ರಾತ್ರಿಪಾಳಿ

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಇದು ನನ್ನ ಕೆಲಸಕ್ಕೇ ಬಂತು, ಹಾಗಾಗಿ ಬರೆಯುತ್ತೇನೆ. ನಾನು ರೇಡಿಯಾಲಜಿಸ್ಟ್.

ಎದೆಯ ಎಕ್ಸ್‌ರೇ ನೋಡುವುದನ್ನು ನನಗೆ ಕಲಿಸಿದವರು ಒಂದು ನಿಯಮ ಹಾಕಿದ್ದರು: ಕಣ್ಣಿಗೆ ಹೊಡೆಯುವ ಜಾಗವನ್ನು ಕೊನೆಗೆ ನೋಡು. ಮೊದಲು ಶ್ವಾಸಕೋಶದ ಮೇಲ್ತುದಿಗಳು, ಕಾಲರ್‌ಬೋನಿನ ನೆರಳು ಬೀಳುವ ಕಡೆ. ಆಮೇಲೆ ಹೃದಯದ ಹಿಂದೆ. ಆಮೇಲೆ ವಪೆಯ (ಡಯಾಫ್ರಮ್) ಕೆಳಗೆ. ಆಮೇಲೆ ಪಕ್ಕೆಲುಬು ಒಂದೊಂದಾಗಿ. ಯಾಕೆಂದರೆ ಒಂದು ರೋಗ ಸಿಕ್ಕಿತೋ, ಕಣ್ಣಿಗೆ ತೃಪ್ತಿಯಾಗಿಬಿಡುತ್ತದೆ. ಎರಡನೆಯದನ್ನು ಹುಡುಕುವುದಿಲ್ಲ. ಇದನ್ನು ಪುಸ್ತಕದಲ್ಲಿ ಓದಿದ್ದೆ. ಮೈಗೆ ಹತ್ತಿದ್ದು ಒಂದು ರಾತ್ರಿ, ನ್ಯುಮೋನಿಯಾ ಹಿಡಿದೆ ಎಂಬ ಖುಷಿಯಲ್ಲಿ ಹೃದಯದ ಹಿಂದಿದ್ದ ಸಣ್ಣ ಗಂಟನ್ನು ಬಿಟ್ಟಾಗ. ಬೆಳಗ್ಗೆ ಗುರುಗಳು ಏನೂ ಬೈಯಲಿಲ್ಲ. ಪೆನ್ನಿನ ತುದಿಯನ್ನು ಪರದೆಯ ಮೇಲೆ ಇಟ್ಟು ಸುಮ್ಮನೆ ನಿಂತರು. ಆ ಪೆನ್ನಿನ ತುದಿ ಈಗಲೂ ನನಗೆ ಕಾಣುತ್ತದೆ.

ಈಗ ಹೊಸದಾಗಿ ಬರುವ ಕಿರಿಯರಿಗೆ ಪರದೆ ತೆರೆಯುವ ಮೊದಲೇ ಎಐ ಅನುಮಾನದ ಜಾಗದ ಸುತ್ತ ಪೆಟ್ಟಿಗೆ ಎಳೆದು ತೋರಿಸಿರುತ್ತದೆ. ಅದು ಚೆನ್ನಾಗಿಯೇ ತೋರಿಸುತ್ತದೆ, ನನಗೆ ಅದರ ಮೇಲೆ ಸಿಟ್ಟಿಲ್ಲ. ಆದರೆ ಇವರು ಯಾವತ್ತೂ ಆ ಗಂಟನ್ನು ಬಿಡುವುದಿಲ್ಲ. ಬಿಡದೇ ಇರುವುದರಿಂದ ಹುಡುಕುವುದನ್ನೂ ಕಲಿಯುವುದಿಲ್ಲ.

ಕಲಿತವರಿಗೂ ಇದು ತಟ್ಟುತ್ತದೆಯೇನೋ. 2025ರಲ್ಲಿ ಪೋಲೆಂಡಿನ ನಾಲ್ಕು ಕೇಂದ್ರಗಳ ಅಧ್ಯಯನ ಪ್ರಕಟವಾಯಿತು. ಕರುಳೊಳಗೆ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆ, ಅಂದರೆ ಕೊಲೊನೊಸ್ಕೋಪಿ ಮಾಡುವ ಅನುಭವಿ ವೈದ್ಯರದು. ಎಐ ಬರುವ ಮೊದಲು ಅವರು ಶೇಕಡಾ 28.4 ಪರೀಕ್ಷೆಗಳಲ್ಲಿ ಅಡಿನೋಮಾ ಎಂಬ, ಮುಂದೆ ಕ್ಯಾನ್ಸರ್ ಆಗಬಹುದಾದ ಗಡ್ಡೆ ಪತ್ತೆ ಹಚ್ಚುತ್ತಿದ್ದರು. ಎಐ ಬಳಕೆಗೆ ಬಂದ ಮೇಲೆ, ಅದಿಲ್ಲದೆ ಮಾಡಿದ ಪರೀಕ್ಷೆಗಳಲ್ಲಿ ಅದು 22.4ಕ್ಕೆ ಇಳಿಯಿತು. ಒಂದೇ ಅಧ್ಯಯನ, ಅದೂ ಹಿಂದಿನ ದಾಖಲೆಗಳನ್ನು ನೋಡಿ ಮಾಡಿದ್ದು, ರೋಗಿಗಳನ್ನು ಚೀಟಿ ಎತ್ತಿ ಹಂಚಿದ್ದಲ್ಲ. ಹಾಗಾಗಿ ಇದನ್ನೇ ಹಿಡಿದು ಕೂಗಾಡಬೇಡಿ. ಆದರೂ ಓದಿದ ದಿನ ನನಗೆ ನಿದ್ದೆ ಸರಿ ಬರಲಿಲ್ಲ.

ಮೂರನೇ ಬೆಂಚು

ಡಾಕ್ಟ್ರೇ, ಗೌರವದಿಂದಲೇ ಕೇಳ್ತೀನಿ. ಕ್ಯಾಲ್ಕುಲೇಟರ್ ಬಂದಾಗ ಮಗ್ಗಿ ಮರೆತೆವು, ಏನಾಯ್ತು? ಯಂತ್ರವೇ ಗಂಟು ಹಿಡಿಯೋದಾದ್ರೆ ಮನುಷ್ಯ ಯಾಕೆ ಹುಡುಕಬೇಕು? ರೋಗಿಗೆ ಬೇಕಿರೋದು ಗಂಟು ಸಿಗೋದು. ಯಾರ ಕಣ್ಣಿಗೆ ಸಿಕ್ಕಿತು ಅನ್ನೋದಲ್ಲ.

ರಾತ್ರಿಪಾಳಿ

ನ್ಯಾಯವಾದ ಪ್ರಶ್ನೆ. ಯಂತ್ರ ತಪ್ಪಿದಾಗ ಅದು ತಪ್ಪಿದೆ ಎಂದು ಹೇಳುವವರು ಬೇಕು, ಅಷ್ಟೇ. ಹೊಸ ಕಾಯಿಲೆ ಬಂದಾಗ ಅದರ ಮೊದಲ ನೂರು ಚಿತ್ರಗಳಿಗೆ ಹೆಸರಿಡುವವರೂ ಬೇಕು. ಮಗ್ಗಿಯ ವಿಷಯಕ್ಕೆ ಬಂದರೆ, ಏಳೆಂಟಲ ಐವತ್ತಾರು ನಾಳೆ ಬದಲಾಗುವುದಿಲ್ಲ. ರೋಗ ಬದಲಾಗುತ್ತದೆ, ಸ್ಕ್ಯಾನರ್ ಬದಲಾಗುತ್ತದೆ.

ಓದುಗಿ

ಮರೆವಿನ ವಿಷಯ ಬಂದದ್ದರಿಂದ ಸ್ಕರ್ವಿಯ ಕಥೆ ಹೇಳದೆ ಇರಲಾರೆ. ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಹಡಗಿನವರ ಒಸಡು ಕೊಳೆಸಿ ಕೊಲ್ಲುತ್ತಿದ್ದ ರೋಗ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ 12 ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ ಆರು ಬಗೆಯ ಚಿಕಿತ್ಸೆ ಕೊಟ್ಟ. ಕಿತ್ತಳೆ, ನಿಂಬೆ ತಿಂದ ಜೋಡಿ ಬೇಗ ಎದ್ದು ಕೂತಿತು. 1795ರಲ್ಲಿ ಬ್ರಿಟಿಷ್ ನೌಕಾಪಡೆ ನಿಂಬೆರಸ ಹಂಚಲು ಒಪ್ಪಿತು, ರೋಗ ಹೆಚ್ಚುಕಡಿಮೆ ಮಾಯವಾಯಿತು. ಇಲ್ಲಿಗೆ ಕಥೆ ಮುಗಿಯಬೇಕಿತ್ತು.

1860ರ ದಶಕದಲ್ಲಿ ಮೆಡಿಟರೇನಿಯನ್ ಕಡೆಯ ದೊಡ್ಡ ನಿಂಬೆಯ ಬದಲು ವೆಸ್ಟ್ ಇಂಡೀಸಿನ ಸಣ್ಣ ಹಸಿರು ನಿಂಬೆಗೆ ಬಂದರು. ನಾವು ಎರಡಕ್ಕೂ ನಿಂಬೆ ಎನ್ನುತ್ತೇವೆ. ಅವರಿಗೆ ಎರಡು ಹೆಸರಿದ್ದರೂ ಆಗ ಒಂದರ ಬದಲು ಇನ್ನೊಂದನ್ನು ಬಳಸುತ್ತಿದ್ದರು, ಎಡವಟ್ಟಿಗೆ ಅದೂ ಒಂದು ಕಾರಣ. ಹೊಸ ನಿಂಬೆ ಹೆಚ್ಚು ಹುಳಿ. ಹುಳಿಯೇ ಔಷಧಿ ಎಂದು ಅವರು ತಿಳಿದಿದ್ದರಿಂದ ಇದು ಇನ್ನೂ ಒಳ್ಳೆಯದು ಅನ್ನಿಸಿತು. ನಿಜವಾದ ಔಷಧಿ ವಿಟಮಿನ್ ಸಿ, ಹೊಸ ನಿಂಬೆಯಲ್ಲಿ ಅದು ಕಡಿಮೆ. ರಸವನ್ನು ಕಾಪಿಡುವ ಕ್ರಮದಲ್ಲಿ ಇದ್ದದ್ದೂ ಹೋಗುತ್ತಿತ್ತು. ಯಾರಿಗೂ ಗೊತ್ತಾಗಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಉಗಿಹಡಗು ಬಂದಿತ್ತು. ಪ್ರಯಾಣ ಚಿಕ್ಕದಾಗಿ, ರೋಗ ಹುಟ್ಟುವ ಮೊದಲೇ ದಡ ಸಿಗುತ್ತಿತ್ತು. ಒಂದು ತಂತ್ರಜ್ಞಾನ ಇನ್ನೊಂದರ ಸೋಲನ್ನು ಮುಚ್ಚಿಟ್ಟಿತು.

1875ರಲ್ಲಿ ಹೊರಟ ಆರ್ಕ್ಟಿಕ್ ಯಾತ್ರೆಯಲ್ಲಿ ಸ್ಕರ್ವಿ ಮತ್ತೆ ಹೆಡೆ ಎತ್ತಿದಾಗ ವೈದ್ಯರು ನಿಂಬೆಯನ್ನೇ ಅನುಮಾನಿಸಿದರು. ಕೆಟ್ಟ ಮಾಂಸದ ವಿಷ ಎಂಬ ಹೊಸ ವಾದ ಬಂತು, ತಿಳಿದವರೇ ಒಪ್ಪಿದರು. 1907ರಲ್ಲಿ ನಾರ್ವೆಯಲ್ಲಿ ಹೋಲ್ಸ್ಟ್ ಮತ್ತು ಫ್ರೋಲಿಕ್ ಬೇರೆ ರೋಗದ ಬೆನ್ನು ಹತ್ತಿ ಗಿನಿಯಿಲಿಗಳಿಗೆ ಬರೀ ಧಾನ್ಯ ತಿನ್ನಿಸಿದಾಗ ಅವಕ್ಕೆ ಸ್ಕರ್ವಿ ಬಂದು, ದಾರಿ ಮತ್ತೆ ತೆರೆಯಿತು. ಉತ್ತರ ಗೊತ್ತಿತ್ತು, ಯಾಕೆ ಎಂಬುದು ಗೊತ್ತಿರಲಿಲ್ಲ. ಹಳೇಕೋಡು ಅವರ "ತೆಗೆಯಬೇಡಿ" ಟಿಪ್ಪಣಿಯ ಹಾಗೆ.

ಹಳೇಕೋಡು

ನನ್ನ 90 ಸೆಕೆಂಡಿಗೆ ಇಷ್ಟು ದೊಡ್ಡ ಮರ್ಯಾದೆ ಸಿಗುತ್ತೆ ಅಂದುಕೊಂಡಿರಲಿಲ್ಲ ತಾಯಿ.

ಗಣಿತದ ಮೇಷ್ಟ್ರು

ಮರೆವಿನ ವಿಷಯದಲ್ಲಿ ಬಲ್ಲವರ ಸಂಖ್ಯೆಯೂ ಮುಖ್ಯ. ವಾಯವ್ಯ ಗ್ರೀನ್‌ಲೆಂಡಿನ ಒಂದು ಸಣ್ಣ ಇನ್ಯುಯಿಟ್ ಸಮುದಾಯಕ್ಕೆ 1820ರ ದಶಕದಲ್ಲಿ ಸಾಂಕ್ರಾಮಿಕ ಬಡಿದು ಹಿರಿಯರು ಹೆಚ್ಚಾಗಿ ತೀರಿಕೊಂಡರು. ಅವರೊಂದಿಗೆ ಕಯಾಕ್ ದೋಣಿ ಕಟ್ಟುವ ವಿದ್ಯೆ, ಬಿಲ್ಲು ಬಾಣದ ವಿದ್ಯೆ ಹೋದವು. ಉಳಿದವರು ದಡ್ಡರಲ್ಲ, ಅವರ ಕಣ್ಣೆದುರೇ ಬೇಟೆ ಓಡಾಡುತ್ತಿತ್ತು. ಆದರೂ ನಲವತ್ತು ವರ್ಷ ಅವನ್ನು ಮತ್ತೆ ಕಟ್ಟಿಕೊಳ್ಳಲಾಗಲಿಲ್ಲ. 1860ರ ದಶಕದಲ್ಲಿ ಬ್ಯಾಫಿನ್ ದ್ವೀಪದ ಕಡೆಯಿಂದ ಬಂದ ಇನ್ನೊಂದು ಗುಂಪು ಕಲಿಸಿದ ಮೇಲೆಯೇ ವಿದ್ಯೆ ಮರಳಿತು.

ನಮ್ಮ ತಜ್ಞತೆಗಳು ಕಿರಿದಾಗುತ್ತಾ ಹೋದ ಹಾಗೆ ಪ್ರತಿ ತಜ್ಞತೆಯೂ ಇಂಥದ್ದೊಂದು ಸಣ್ಣ ಸಮುದಾಯವೇ. ಎಂಟುನೂರು ಕೋಟಿ ಜನರ ಜಗತ್ತಿನಲ್ಲಿ ಒಂದು ವಿದ್ಯೆ ಬಲ್ಲವರು ಐವತ್ತೇ ಜನ ಇರಬಹುದು. ಮತ್ತು ಅವರಿಗೆ ಕಲಿಸಲು ಬರುವ ಬ್ಯಾಫಿನ್‌ನವರು ಇರುವುದಿಲ್ಲ.

ಮೂರನೇ ಬೆಂಚು

ಸರಿ, ಕ್ಯಾಲ್ಕುಲೇಟರ್ ಮಾತು ಅರ್ಧ ವಾಪಸ್ ತಗೋತೀನಿ. ಅರ್ಧ ಮಾತ್ರ. ಯಾಕಂದ್ರೆ ನೀವೆಲ್ಲ ಹೇಳ್ತಿರೋ ಭಯಕ್ಕೆ ಪರಿಹಾರ ಯಂತ್ರ ಬಿಡೋದಲ್ಲ. ಹಿಂದೆ ಬರೆದಿಡೋಕೆ ಆಗದೇ ಇದ್ದದ್ದನ್ನು ಈಗ ವಿಡಿಯೋ ಮಾಡಿ ಇಡಬಹುದು. ಇನ್ಯುಯಿಟ್ ಹಿರಿಯರ ಕೈಚಳಕದ ವಿಡಿಯೋ ಇದ್ದಿದ್ರೆ?

ಹಳೇಕೋಡು

ತಮ್ಮಾ, ನನ್ನ ಆಫೀಸಿನಲ್ಲಿ ನಾಲ್ಕುನೂರು ಗಂಟೆ "ಜ್ಞಾನ ಹಸ್ತಾಂತರ" ವಿಡಿಯೋ ಇವೆ. ಯಾರೂ ನೋಡಿಲ್ಲ. ಮೊನ್ನೆ ನಾನು ಒಂದನ್ನ ತೆರೆದೆ, ಮೊದಲ ಎಂಟು ನಿಮಿಷ "ನನ್ನ ಸ್ಕ್ರೀನ್ ಕಾಣ್ತಿದೆಯಾ" ಅಂತ ಕೇಳ್ತಿದ್ದಾರೆ.

ಅರೆಪಂಡಿತ

ನಗು ತಡೆಯಲಾಗಲಿಲ್ಲ.

ನಾನು ಶುರು ಮಾಡಿದಾಗ ಇಟ್ಟುಕೊಂಡಿದ್ದ ಭಯ ಈಗ ಬದಲಾಗಿದೆ. ಫೋನು ಯಾರಿಗೂ ಪೂರ್ತಿ ಗೊತ್ತಿಲ್ಲ ಅನ್ನುವುದು ಈಗ ಅಷ್ಟು ಕಾಡುತ್ತಿಲ್ಲ. ಕನ್ನಡಿ ಉಜ್ಜುವವರ ಪಕ್ಕದಲ್ಲಿ ಕೂತು ಉಜ್ಜಲು ಕಲಿಯುತ್ತಿರುವ ಹುಡುಗನೊಬ್ಬ ಇದ್ದಾನಾ ಅನ್ನುವುದು ಕಾಡುತ್ತಿದೆ. ಯಂತ್ರ ಮೊದಲು ಕಿತ್ತುಕೊಳ್ಳುತ್ತಿರುವುದು ತಜ್ಞರ ಕೆಲಸವನ್ನಲ್ಲ, ಆ ಹುಡುಗನ ಕೆಲಸವನ್ನು. ಸಣ್ಣಪುಟ್ಟ ಕೋಡು, ಮೊದಲ ಕರಡು, ಮಾಮೂಲಿ ಎಕ್ಸ್‌ರೇ. ಅದರಲ್ಲಿ ಉಳಿಯುವ ಹಣ ಇವತ್ತಿನ ಲೆಕ್ಕದಲ್ಲಿ ಕಾಣುತ್ತದೆ, ನಷ್ಟ ಕಾಣಲು ಇಪ್ಪತ್ತು ವರ್ಷ ಬೇಕು.

ರಾತ್ರಿಪಾಳಿ ಅವರೇ, ನಿಮ್ಮಲ್ಲಿ ಇದಕ್ಕೆ ಏನಾದರೂ ಮಾಡಿದ್ದೀರಾ? ಅಥವಾ ಎಲ್ಲರ ಹಾಗೆ ಚಿಂತೆ ಮಾತ್ರವಾ?

ರಾತ್ರಿಪಾಳಿ

ಸಣ್ಣದೊಂದು ಮಾಡಿದ್ದೇವೆ. ವಾರದಲ್ಲಿ ಎರಡು ದಿನ ಕಿರಿಯರ ಪರದೆಯಲ್ಲಿ ಎಐ ಪೆಟ್ಟಿಗೆಗಳನ್ನು ಮುಚ್ಚಿರುತ್ತೇವೆ. ಅವರು ತಮ್ಮ ವರದಿ ಬರೆದು ಸಹಿ ಹಾಕಿದ ಮೇಲೆ ತೆರೆಯುತ್ತದೆ. ಎರಡಕ್ಕೂ ವ್ಯತ್ಯಾಸವಿದ್ದರೆ ನಾನು ಪಕ್ಕದಲ್ಲಿ ಕೂರುತ್ತೇನೆ, ಆಮೇಲೆಯೇ ವರದಿ ವಾರ್ಡಿಗೆ ಹೋಗುವುದು. ಕಳೆದ ವಾರ ಒಬ್ಬಳು ಯಂತ್ರ ಬಿಟ್ಟ ಪಕ್ಕೆಲುಬಿನ ಬಿರುಕು ಹಿಡಿದಳು. ಅದೇ ದಿನ ಯಂತ್ರ ಹಿಡಿದ ಎರಡನ್ನು ಅವಳು ಬಿಟ್ಟಿದ್ದಳು. ಮೂರನ್ನೂ ಒಟ್ಟಿಗೆ ನೋಡಿದೆವು. ಪೆನ್ನು ನನ್ನ ಕೈಯಲ್ಲಿತ್ತು.

ಗಣಿತದ ಮೇಷ್ಟ್ರು

ಚೀಟಿ ಬರೆದ ಮೇಲೆ ಪಕ್ಕದ ಚೀಟಿ ನೋಡುವುದು. ಇದೇ ಬೇಕಿತ್ತು. ಎಷ್ಟು ಸಮಯ ಹೆಚ್ಚು ಹಿಡಿಯುತ್ತದೆ?

ರಾತ್ರಿಪಾಳಿ

ಆ ಎರಡು ದಿನ ತಲಾ ನಲವತ್ತು ನಿಮಿಷ. ಆಡಳಿತದವರು ಅದನ್ನೇ ಕೇಳಿದ್ದಾರೆ. ಈ ನಲವತ್ತು ನಿಮಿಷದಿಂದ ಏನು ಲಾಭ ಎಂದು ಒಂದು ಪುಟದಲ್ಲಿ ಬರೆದುಕೊಡಬೇಕಂತೆ, ಅಂಕಿಅಂಶದ ಸಮೇತ. ಸೋಮವಾರ ಕೊನೆಯ ದಿನ.

ಗಣಿತದ ಮೇಷ್ಟ್ರು

ರೋಗಿಗಳ ವಿವರ ಒಂದೂ ಬೇಡ. ಯಾರು ಎಷ್ಟು ಹಿಡಿದರು, ಎಷ್ಟು ಬಿಟ್ಟರು ಎಂಬ ಲೆಕ್ಕ ಮಾತ್ರ ಹಾಕಿ ಕಳಿಸಿ. ಭಾನುವಾರ ನನಗೆ ಬಿಡುವಿದೆ.